ಲೇತ್ ಮುಂದೆ ನಿಲ್ಲೋರು ಯಾರು?

ಮುಂಬೈನ ಕಾಂದಿವಲಿ ಪೂರ್ವ, ಅಕುರ್ಲಿ ರಸ್ತೆ. 1960ರ ದಶಕದಿಂದ ಮಹೀಂದ್ರ ಟ್ರ್ಯಾಕ್ಟರ್ ತಯಾರಾದ ಜಾಗ. ಪಶ್ಚಿಮಕ್ಕೆ ದಾಟಿದರೆ ಚಾರ್‌ಕೋಪ್‌ನ ಗಾಳಾಗಳು, ಅಂದ್ರೆ ಸಣ್ಣ ಕಾರ್ಖಾನೆಗಳು. ಸಾಲ ಮಾಡಿ ಯಂತ್ರ ತರಬಹುದು; ನಡೆಸೋ ಕೈ ಸಿಗಬೇಕಲ್ಲ?

ಐಟಿಐಯಲ್ಲಿ ಫಿಟ್ಟರ್, ಟರ್ನರ್ ಕೋರ್ಸ್ 2 ವರ್ಷ. ಮೈಕ್ರೋಮೀಟರ್ ಓದೋದು ಅಲ್ಲೇ ಬರುತ್ತೆ. ಆದರೆ ಟೂಲ್ ಸವೆದಿದೆ ಅಂತ ಸದ್ದಿನಲ್ಲೇ ಗುರುತಿಸೋಕೆ ಕಾರ್ಖಾನೆಯಲ್ಲೇ ಪಳಗಬೇಕು. ಅದಕ್ಕೇ 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇದ್ದರೆ, ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಸ್ಟೈಪೆಂಡ್ ಕೊಟ್ಟು!

ಕೆಲವು ಮಾಲೀಕರು ಅವರನ್ನ ಗುಡಿಸೋಕೆ ಹಚ್ತಾರೆ, ಆಮೇಲೆ ಕುಶಲರೇ ಇಲ್ಲ ಅಂತ ಗೊಣಗ್ತಾರೆ.

ಹಗಲು ಹೋಟೆಲ್, ರಾತ್ರಿ ಶಾಲೆ ಅಂತ ಬೆಳೆದ ಮುಂಬೈ ಕನ್ನಡಿಗರಿಗೆ ದುಡೀತಾ ಕಲಿಯೋದು ಹೊಸತಾ? ಮನೇಲಿ ಹತ್ತನೇ ಮುಗಿಸಿದ ಮಗನೋ ಮಗಳೋ ಇದ್ದರೆ, ಹತ್ತಿರದ ಐಟಿಐಗೆ ಒಮ್ಮೆ ಕರ್ಕೊಂಡು ಹೋಗಿ.