ಕೆಮರಾ ಕೊಂಡ ಮಾತ್ರಕ್ಕೆ ಸ್ಟುಡಿಯೋ ಆಗದು

ಸ್ವಂತ ಉದ್ಯೋಗ ಮಾಡಬೇಕೆಂದು ಹೊರಟ ಹಳ್ಳಿಯ ತರುಣನಿಗೆ ಹಿರಿಯರು ಹೇಳುವ ಕಸುಬುಗಳ ಪಟ್ಟಿಯಲ್ಲಿ ಫೋಟೋಗ್ರಫಿಯ ಹೆಸರು ತಪ್ಪದೆ ಇರುತ್ತದೆ. ಹೊಲ ಬೇಡ, ಗೋದಾಮು ಬೇಡ, ಹತ್ತಾರು ಆಳುಗಳು ಬೇಡ. ಒಂದು ಕೆಮರಾ, ಒಂದು ಕೋಣೆ ಇದ್ದರೆ ಆಯಿತು ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯಿಂದ ತೆರೆದ ಸ್ಟುಡಿಯೋಗಳು ಎಷ್ಟೋ, ಸದ್ದಿಲ್ಲದೆ ಬಾಗಿಲು ಹಾಕಿದವು ಎಷ್ಟೋ. ಹಾಗಾದರೆ ಮೂಡುಬಿದಿರೆಯಂಥ ಪೇಟೆಯಲ್ಲಿ ಈ ಕಸುಬು ನಿಲ್ಲುವುದು ಯಾವುದರ ಬಲದಿಂದ?

ಊರಿಗೂ ಚಿತ್ರಕ್ಕೂ ನಂಟು ಹಳೆಯದು

ಫ್ರಾನ್ಸಿನ ದಾಗೇರ್ ಕಂಡುಹಿಡಿದ ಛಾಯಾಗ್ರಹಣದ ವಿಧಾನವನ್ನು 1839ರ ಆಗಸ್ಟ್ 19ರಂದು ಪ್ಯಾರಿಸಿನಲ್ಲಿ ಬಹಿರಂಗಪಡಿಸಲಾಯಿತು. ಹದಿನೈದೇ ವರ್ಷಗಳಲ್ಲಿ, 1854ರಲ್ಲಿ, ಮುಂಬಯಿಯಲ್ಲಿ ಫೋಟೋಗ್ರಾಫರುಗಳ ಸಂಘವೇ ಹುಟ್ಟಿತು. ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಮುದ್ರಣ, ಹೆಂಚು, ನೇಯ್ಗೆಗಳ ಜೊತೆಗೆ ಕೆಮರಾವನ್ನೂ ಬಳಸಿದರು. ಅವರು ತೆಗೆದ ಮಂಗಳೂರು ಸೀಮೆಯ ಹಳೆಯ ಚಿತ್ರಗಳು ಇಂದಿಗೂ ಬಾಸೆಲ್ ನಗರದ ದಾಖಲೆ ಭಂಡಾರದಲ್ಲಿ ಭದ್ರವಾಗಿವೆ.

ಮೂಡುಬಿದಿರೆಯ ಬಸದಿಗಳೂ ಬೇಗನೆ ಚಿತ್ರಕ್ಕೆ ಬಂದವು. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 1876ರಲ್ಲಿ ಲಂಡನಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಲ್ಲಿನ ಬಸದಿಯ ಹಾಗೂ ಜೈನ ಗುರುಗಳ ಸಮಾಧಿಗಳ ಚಿತ್ರಗಳಿವೆ. ಫೋಟೋ ನೋಡಿ ಮರದ ಅಚ್ಚಿನಲ್ಲಿ ಕೆತ್ತಿಸಿ ಮುದ್ರಿಸಿದ ಚಿತ್ರಗಳು ಅವು. ಇಳಿಜಾರು ಮಾಡಿನ ಈ ಕಟ್ಟಡಗಳಿಗೂ ನೇಪಾಳದ ಕಟ್ಟಡಗಳಿಗೂ ಹೋಲಿಕೆಯಿದೆ ಎಂದು ಆತ ಬರೆದ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಸೊಬಗು, ಊರಿಗೆ ಕಾಲಿಡದ ಓದುಗನಿಗೂ ಕೆಮರಾದ ದಾರಿಯಿಂದ ತಲುಪಿತು.

ಕತ್ತಲೆ ಕೋಣೆಯ ಕಾಲ

ಕಪ್ಪು ಬಿಳುಪಿನ ಕಾಲದಲ್ಲಿ ಸ್ಟುಡಿಯೋದವನ ಬಂಡವಾಳವೆಂದರೆ ಕೈಗುಣ. ಒಂದು ರೋಲಿಗೆ 12 ಚೌಕ ಚಿತ್ರ, ಸಣ್ಣ ಫಿಲ್ಮಾದರೆ 36, ತಪ್ಪಿದರೆ ತಪ್ಪಿದ್ದೇ. ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಹೈಪೋ ದ್ರಾವಣದಲ್ಲಿ ಅದ್ದಿ, ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ಮುಖದ ಕಲೆಗಳನ್ನು ತಿದ್ದಬೇಕಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮು ಬಂದ ಮೇಲೆ ದೇಶಿ ಸಾಮಗ್ರಿ ಕೈಗೆಟುಕಿತು. ಈ ವಿದ್ಯೆ ಗೊತ್ತಿದ್ದವರು ಕೆಲವರೇ ಆದ್ದರಿಂದ ಗಿರಾಕಿ ತಾನಾಗಿ ಬರುತ್ತಿದ್ದ.

ಬಣ್ಣದ ಚಿತ್ರ ಬಂದಾಗ ತೊಳೆಯುವ ಕೆಲಸ ಪೇಟೆಯ ಲ್ಯಾಬಿಗೆ ಹೋಯಿತು; ಹಳ್ಳಿಯ ಸ್ಟುಡಿಯೋಕ್ಕೆ ಉಳಿದದ್ದು ತೆಗೆಯುವ ಕೆಲಸ. ಡಿಜಿಟಲ್ ಬಂದಾಗ ಫಿಲ್ಮಿನ ಖರ್ಚು ಉಳಿಯಿತು, ಆದರೆ ಗುಟ್ಟೂ ಹೋಯಿತು. ಮೊಬೈಲು ಎಲ್ಲರ ಕೈಗೆ ಬಂದ ಮೇಲೆ ಚಿತ್ರ ತೆಗೆಯಲು ಬಲ್ಲವನೆಂಬ ಹೆಗ್ಗಳಿಕೆಗೆ ಬೆಲೆ ಉಳಿಯಲಿಲ್ಲ.

ಸರಕಾರದ ಕಾಗದಪತ್ರಗಳೂ ಈ ಕಸುಬನ್ನು ಏರಿಸಿವೆ, ಇಳಿಸಿವೆ. 1993ರಲ್ಲಿ ಮತದಾರರ ಭಾವಚಿತ್ರವಿರುವ ಗುರುತುಚೀಟಿ ಆರಂಭವಾದಾಗ ಹಳ್ಳಿಹಳ್ಳಿಗೂ ಕೆಮರಾ ಹೋಗಬೇಕಾಯಿತು. 2010ರಿಂದ ಬಂದ ಆಧಾರ್ ಕಾರ್ಡಿಗೆ ಕೇಂದ್ರದಲ್ಲೇ ಚಿತ್ರ ತೆಗೆಯುತ್ತಾರೆ. ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಹಾಗೆಯೇ. ದಿನದ ಚಿಲ್ಲರೆ ಖರ್ಚನ್ನು ನಡೆಸುತ್ತಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೋದ ವರಮಾನ ಹೀಗೆ ಸೊರಗಿತು.

ಪತ್ತನಾಜೆಯ ಲೆಕ್ಕ

ತುಳುನಾಡಿನ ಛಾಯಾಗ್ರಾಹಕನಿಗೆ ವರ್ಷವೆಂದರೆ ಹನ್ನೆರಡು ತಿಂಗಳಲ್ಲ. ದೀಪಾವಳಿ ಕಳೆದು ಕೋಲ, ನೇಮ, ಜಾತ್ರೆ, ಯಕ್ಷಗಾನದ ತಿರುಗಾಟ ಆರಂಭವಾಗುತ್ತವೆ. ಚಳಿಗಾಲಕ್ಕೆ ಕಂಬಳ, ಮೂಡುಬಿದಿರೆಯ ಕಡಲಕೆರೆಯಲ್ಲೇ ಕೋಟಿ-ಚೆನ್ನಯ ಜೋಡುಕರೆ ಇದೆ. ಏಪ್ರಿಲ್, ಮೇ ಎಂದರೆ ಮದುವೆಯ ಭರಾಟೆ. ಬೇಶದ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದಲ್ಲಿ ಪತ್ತನಾಜೆ ಬಂತೆಂದರೆ ಗೆಜ್ಜೆ ಬಿಚ್ಚುತ್ತಾರೆ, ಮೇಳಗಳು ಮನೆಗೆ ಮರಳುತ್ತವೆ. ಮುಂದೆ ಮಳೆ, ಆಟಿಯಲ್ಲಂತೂ ಶುಭಕಾರ್ಯವೇ ಇಲ್ಲ. ಬಾಡಿಗೆ ಮತ್ತು ಸಾಲದ ಕಂತು ಮಾತ್ರ ಆಟಿ ನೋಡುವುದಿಲ್ಲ. ಮೇಲಾಗಿ ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಒಣ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಕಾಪಾಡದಿದ್ದರೆ ದುಡಿಮೆಯ ಕಣ್ಣೇ ಮಂಜಾಗುತ್ತದೆ. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿದ್ದು ಸರಿಯಾಗಿ ಮದುವೆಯ ಹಂಗಾಮಿನ ಹೊಸ್ತಿಲಲ್ಲಿ. ವರ್ಷದ ಗಳಿಕೆಯೆಲ್ಲ ಎರಡು ತಿಂಗಳಲ್ಲಿ ಅಡಗಿರುವ ಕಸುಬಿಗೆ ಅದೆಂಥ ಪೆಟ್ಟು ಎಂದು ವಿವರಿಸಬೇಕಾಗಿಲ್ಲ.

ಈಗ ಒಂದು ಮಾದರಿ ಲೆಕ್ಕ ನೋಡೋಣ. ಕೆಮರಾ, ಲೆನ್ಸ್, ದೀಪ, ಕಂಪ್ಯೂಟರಿಗೆ 2 ಲಕ್ಷ ರೂಪಾಯಿ ಹಾಕಿ, ಅವು ನಾಲ್ಕು ವರ್ಷ ಬಾಳುತ್ತವೆ ಎಂದುಕೊಂಡರೆ ವರ್ಷಕ್ಕೆ 50,000 ಸವೆತ. ಅಂಗಡಿಯ ಬಾಡಿಗೆ ತಿಂಗಳಿಗೆ 6,000ದಂತೆ 72,000. ವಿದ್ಯುತ್ತು, ಫೋನು, ರಿಪೇರಿಗೆ 28,000. ಒಟ್ಟು ಒಂದೂವರೆ ಲಕ್ಷ. ವರ್ಷಕ್ಕೆ 30 ಸಮಾರಂಭ ಸಿಕ್ಕಿದರೆ ಪ್ರತಿಯೊಂದರ ಮೊದಲ 5,000 ರೂಪಾಯಿ ಸ್ಟುಡಿಯೋದ ಹೊಟ್ಟೆಗೇ ಹೋಯಿತು. ಆಲ್ಬಮ್ಮಿನ ಖರ್ಚು, ಸಹಾಯಕನ ಸಂಬಳ, ತನ್ನ ಕೂಲಿ ಎಲ್ಲವೂ ಅದರ ಮೇಲೆ. ಪಕ್ಕದವನಿಗಿಂತ ಕಡಿಮೆಗೆ ಮಾಡಿಕೊಡುತ್ತೇನೆಂದು 5,000ಕ್ಕೆ ಒಪ್ಪಿದವನು ವಾಸ್ತವವಾಗಿ ಧರ್ಮಕ್ಕೆ ದುಡಿಯುತ್ತಿರುತ್ತಾನೆ. ಅದು ಅವನಿಗೆ ತಿಳಿಯುವುದು ಕೆಮರಾ ಕೆಟ್ಟು ಹೊಸದು ಕೊಳ್ಳಬೇಕಾದಾಗ. ದರದ ಈ ಪೈಪೋಟಿಗೆ ಕಡಿವಾಣ ಬೇಕಾದರೆ ಕಸುಬಿನವರು ಒಟ್ಟಿಗೆ ಕುಳಿತು ಮಾತಾಡಬೇಕು. ಜಿಲ್ಲೆಯ ಛಾಯಾಗ್ರಾಹಕರು ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ ಎಂಬ ಸಂಘ ಕಟ್ಟಿಕೊಂಡಿದ್ದಾರೆ.

ಕಲಿಕೆ, ಸಾಲ, ಕಾನೂನು

ಕಲಿಯಲು ದೂರ ಹೋಗಬೇಕಾಗಿಲ್ಲ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ನಿರುದ್ಯೋಗಿ ತರುಣರಿಗೆ ಊಟ ವಸತಿಯೊಂದಿಗೆ ಉಚಿತ ತರಬೇತಿ ಕೊಟ್ಟು, ಸ್ವಂತ ಕಾಲ ಮೇಲೆ ನಿಲ್ಲುವ ತನಕ ಬೆನ್ನು ಬಿಡದಿರುವುದು ಇದರ ಕ್ರಮ. ಇದೇ ಮಾದರಿಯನ್ನು ಕೇಂದ್ರ ಸರಕಾರ ದೇಶದ ಜಿಲ್ಲೆಗಳಿಗೆಲ್ಲ ಹಬ್ಬಿಸಿತು. ಈ ಸಂಸ್ಥೆಗಳ ಪಾಠಪಟ್ಟಿಯಲ್ಲಿ ಫೋಟೋಗ್ರಫಿ ಮತ್ತು ವಿಡಿಯೋಗ್ರಫಿ ಇದೆ. ಕೆಮರಾ ಹಿಡಿಯುವುದರ ಜೊತೆಗೆ ಲೆಕ್ಕ ಬರೆಯುವುದನ್ನೂ, ಗಿರಾಕಿಯೊಡನೆ ಮಾತಾಡುವುದನ್ನೂ ಕಲಿಸುತ್ತಾರೆ.

ಬಂಡವಾಳಕ್ಕೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಿದೆ. ಅಡವಿಲ್ಲದೆ 'ಶಿಶು' ವಿಭಾಗದಲ್ಲಿ 50,000, 'ಕಿಶೋರ'ದಲ್ಲಿ 5 ಲಕ್ಷ ರೂಪಾಯಿವರೆಗೆ ಸಾಲ. ಅಂಗಡಿಗೆ ಪುರಸಭೆಯ ಪರವಾನಿಗೆ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ವಯ ನೋಂದಣಿ ಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ಮೀರದವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಗೊಡವೆಯಿಲ್ಲ.

ಅನೇಕರಿಗೆ ತಿಳಿಯದ ಸಂಗತಿ ಇನ್ನೊಂದು. ಮದುವೆಯ ಚಿತ್ರ ಯಾರದು? ತೆಗೆದವನದೆಂದು ತೋರುವುದು ಸಹಜ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಒಡೆಯ ತೆಗೆಸಿದವನೇ. ಬೇರೆ ಕರಾರಿದ್ದರೆ ಮಾತ್ರ ಬೇರೆ ಮಾತು. ಮದುಮಗಳ ಚಿತ್ರವನ್ನು ಕೇಳದೆ ಜಾಹೀರಾತಿಗೆ ಹಾಕುವ ಮೊದಲು ಇದು ನೆನಪಿರಬೇಕು. ತಾನೇ ಸ್ವಂತವಾಗಿ ಕಂಬಳದ ಗದ್ದೆಗೆ ಹೋಗಿ ತೆಗೆದ ಚಿತ್ರವಾದರೆ ಹಕ್ಕು ಛಾಯಾಗ್ರಾಹಕನದೇ. ಅಂಥ ಚಿತ್ರದ ಶಕ್ತಿ ಸಣ್ಣದಲ್ಲ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ, ಕೆಸರೆರಚುತ್ತ ಕೋಣಗಳ ಹಿಂದೆ ಧಾವಿಸುವ ಅವರ ಚಿತ್ರಗಳೊಂದಿಗೇ ಲೋಕವನ್ನು ಸುತ್ತಿತು.

ಮಾರುವುದು ಏನನ್ನು?

ಮೊಬೈಲಿನಲ್ಲಿ ಸಾವಿರ ಚಿತ್ರ ತೆಗೆದವರ ಮನೆಯ ಗೋಡೆಯ ಮೇಲೆ ಅಜ್ಜ ಅಜ್ಜಿಯ ಒಂದೇ ಒಂದು ಸ್ಟುಡಿಯೋ ಚಿತ್ರ ಇನ್ನೂ ತೂಗುತ್ತಿರುತ್ತದೆ. ಸಾವಿರ ಚಿತ್ರಗಳು ಫೋನಿನೊಡನೆ ಹೋಗುತ್ತವೆ, ಇದು ಉಳಿದಿದೆ. ಸ್ಟುಡಿಯೋದವನು ಮಾರುವ ಸರಕು ಇದೇ: ಉಳಿಯುವ ಚಿತ್ರ, ಹೇಳಿದ ದಿನಕ್ಕೆ ಕೈಸೇರುವ ಆಲ್ಬಮ್, ಐದು ವರ್ಷದ ಬಳಿಕ ಕೇಳಿದರೂ ತೆಗೆದುಕೊಡುವ ಪ್ರತಿ. ಹಿಂದೆ ನೆಗೆಟಿವುಗಳನ್ನು ಡಬ್ಬಿಗಳಲ್ಲಿ ಹೆಸರು ಬರೆದು ಇಡುತ್ತಿದ್ದರು. ಅಂಗಡಿ ಮುಚ್ಚಿದಾಗ ಡಬ್ಬಿಗಳು ಗುಜರಿಗೆ ಹೋದರೆ, ಹೋದದ್ದು ಒಂದು ಊರಿನ ನೆನಪು. ಹೊಸದಾಗಿ ಆರಂಭಿಸುವ ತರುಣ ಎರಡು ಹಾರ್ಡ್ ಡಿಸ್ಕುಗಳಲ್ಲಿ ಪ್ರತಿ ಇಟ್ಟು, ತಾರೀಕು, ಮನೆತನ ಬರೆದಿಟ್ಟರೆ ಕೆಲವೇ ವರ್ಷಗಳಲ್ಲಿ ಅವನ ಬಳಿ ಬೇರೆ ಯಾರಲ್ಲೂ ಇಲ್ಲದ ಆಸ್ತಿ ಇರುತ್ತದೆ. ಕೆಮರಾವನ್ನು ಯಾರೂ ಕೊಳ್ಳಬಹುದು. ಆದರೆ ನಮ್ಮ ಮನೆಯ ಮೂರು ಮದುವೆಗೂ ಇವರೇ ಎಂದು ಊರವರಿಂದ ಹೇಳಿಸಿಕೊಳ್ಳುವ ವಿಶ್ವಾಸಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಅದನ್ನು ದುಡಿದೇ ಗಳಿಸಬೇಕು.