ಕರಿ ಎಣ್ಣೆ ಎಲ್ಲಿಗೆ ಹೋಗುತ್ತೆ? ಏಳು ಬಣ್ಣದ ಕಾಗದಗಳ ಕಥೆ

ನಮ್ಮ ತಪ್ಪಿನಿಂದಲೇ ಶುರು ಮಾಡ್ತೀವಿ. ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಮಿನಿ ಪ್ರಾಜೆಕ್ಟ್‌ಗೆ ಅಂತ ಒಂದು ಹಳೇ ಬೈಕ್ ಎಂಜಿನ್ ತಂದಿದ್ವಿ. ಬಿಚ್ಚೋ ಮುಂಚೆ ಎಣ್ಣೆ ಇಳಿಸಬೇಕಲ್ಲ, ಇಳಿಸಿದ್ವಿ. ಸುಮಾರು ಒಂದು ಲೀಟರ್, ಡಾಂಬರಿನ ಹಾಗೆ ಕಪ್ಪು. ಅದನ್ನ ವರ್ಕ್‌ಶಾಪ್ ಹಿಂದಿನ ಮೋರಿಗೆ ಸುರಿದು, ಕೈ ತೊಳೆದುಕೊಂಡು ಕ್ಯಾಂಟೀನ್‌ಗೆ ಹೋದ್ವಿ.

ಮಾರನೇ ದಿನ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸರ್ ಕೇಳಿದ್ರು: "ಎಣ್ಣೆ ಎಲ್ರಪ್ಪಾ?" ಹೇಳಿದ್ವಿ. ಬೈತಾರೆ ಅಂದ್ಕೊಂಡ್ವಿ, ಬೈಲಿಲ್ಲ. "ಆ ಮೋರಿ ಎಲ್ಲಿಗೆ ಹೋಗುತ್ತೆ ನೋಡ್ಕೊಂಡು ಬನ್ನಿ" ಅಂದ್ರು ಅಷ್ಟೇ.

ಮೋರಿ ರಾಜಕಾಲುವೆಗೆ ಸೇರುತ್ತೆ, ರಾಜಕಾಲುವೆ ಕೆರೆಗೆ. ನಮ್ಮ ಕಡೆ ಕೆರೆಗಳು ಸರಪಳಿ ಥರ ಇವೆ. ಯಲಹಂಕ ಕೆರೆ ತುಂಬಿದರೆ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ. ಒಂದು ಸಲ ಎಂಜಿನ್‌ನಿಂದ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದ್ರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುತ್ತೆ. ಅದನ್ನ ಓದಿದ ಮೇಲೆ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗಾದ್ರೆ ಈ ಎಣ್ಣೆ ಎಲ್ಲಿಗೆ ಹೋಗಬೇಕಿತ್ತು? ಅದನ್ನ ತಗೊಳ್ಳೋಕೆ ಯಾರಿಗೆ ಪರ್ಮಿಟ್ ಇರುತ್ತೆ? ಹುಡುಕಿದ್ದನ್ನು ನಿಮಗೂ ಹೇಳ್ತೀವಿ.

ಎಣ್ಣೆ ಬಾವಿ ಇಲ್ಲ, ಎಣ್ಣೆ ತ್ಯಾಜ್ಯ ಇದೆ

ಎಣ್ಣೆ ಮತ್ತು ಅನಿಲದ ತ್ಯಾಜ್ಯ ಅಂದ ತಕ್ಷಣ ನಮಗೆ ನೆನಪಾಗಿದ್ದು ಅಸ್ಸಾಂ, ಮುಂಬೈ ಹೈ. ಕರ್ನಾಟಕದಲ್ಲಿ ಎಣ್ಣೆ ತೆಗೆಯುವ ಬಾವಿಗಳಿಲ್ಲ, ನಮಗೇನು ಅನ್ನಿಸಬಹುದು. ಆದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲನೇ ಅನುಸೂಚಿ ತೆಗೆದು ನೋಡಿ. ಎಣ್ಣೆ ಬಾವಿಯ ಕೆಸರು, ಪೆಟ್ರೋಲಿಯಂ ಟ್ಯಾಂಕ್ ತೊಳೆದಾಗ ಬರುವ ಮಡ್ಡಿ ಇರುವ ಪಟ್ಟಿಯಲ್ಲೇ 5.1 ಅಂತ ಒಂದು ಸಾಲು ಇದೆ: ಬಳಸಿದ ಎಣ್ಣೆ. 5.2ರಲ್ಲಿ ಎಣ್ಣೆ ಅಂಟಿದ ಕಸ.

ಎಂಜಿನ್ ಆಯಿಲ್, ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್, ಟರ್ಬೈನ್ ಆಯಿಲ್, ಟ್ರಾನ್ಸ್‌ಫಾರ್ಮರ್ ಆಯಿಲ್ ಎಲ್ಲವೂ ಬಳಸಿದ ಮೇಲೆ ಇದೇ ಗುಂಪಿಗೆ. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್‌ಗೆ ಬರೋ ಲಾರಿಗಳ ಎಣ್ಣೆ, ಆರ್.ಟಿ. ನಗರದ ಗ್ಯಾರೇಜ್‌ಗಳದ್ದು, ಹೆಬ್ಬಾಳದ ಅಪಾರ್ಟ್‌ಮೆಂಟ್‌ಗಳ ಜನರೇಟರ್‌ದು, ಯಲಹಂಕದಲ್ಲಿ ಕೆಪಿಸಿಎಲ್‌ನವರ 370 ಮೆಗಾವ್ಯಾಟ್ ಗ್ಯಾಸ್ ವಿದ್ಯುತ್ ಸ್ಥಾವರದ ಟರ್ಬೈನ್‌ದು, ಎಲ್ಲಕ್ಕೂ ಒಂದೇ ನಿಯಮ.

ಇಲ್ಲಿ ಒಂದು ಆಶ್ಚರ್ಯ. ಅಮೆರಿಕದಲ್ಲಿ ಎಣ್ಣೆ ಬಾವಿ ಕೊರೆಯುವಾಗ ಬರುವ ತ್ಯಾಜ್ಯಕ್ಕೆ ಕೇಂದ್ರದ ಅಪಾಯಕಾರಿ ತ್ಯಾಜ್ಯ ಕಾನೂನು ಅನ್ವಯಿಸಲ್ಲ, 1988ರಲ್ಲಿ ಇಪಿಎನೇ ಹಾಗೆ ನಿರ್ಧರಿಸಿತು. ಅಲ್ಲಿ ಪರ್ಮಿಟ್ ಕೊಡೋದು ರಾಜ್ಯಗಳು. ಟೆಕ್ಸಸ್‌ನಲ್ಲಿ ಅದನ್ನ ಕೊಡೋ ಕಚೇರಿಯ ಹೆಸರು ರೈಲ್‌ರೋಡ್ ಕಮಿಷನ್, ಈಗ ಅದಕ್ಕೂ ರೈಲಿಗೂ ಸಂಬಂಧವೇ ಇಲ್ಲ! ನಮ್ಮಲ್ಲಿ ಹಾಗಲ್ಲ, ಎಣ್ಣೆ ಬೆರೆತ ಬಾವಿ ಕೆಸರು ನೇರವಾಗಿ ಅಪಾಯಕಾರಿ ಪಟ್ಟಿಯಲ್ಲೇ ಇದೆ.

ಘಟಕ ತೆರೆಯೋಕೆ ಏನೇನು ಬೇಕು?

ಬಳಸಿದ ಎಣ್ಣೆಯನ್ನು ಶುದ್ಧ ಮಾಡಿ ಮತ್ತೆ ಲೂಬ್ರಿಕೆಂಟ್ ಮಾಡುವ ಘಟಕವನ್ನು ನೀವು ಶುರು ಮಾಡ್ತೀರಿ ಅಂತ ಇಟ್ಕೊಳ್ಳಿ.

ಮೊದಲು, ಇಟ್ಟಿಗೆ ಇಡೋಕೂ ಮುಂಚೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿ ಬೇಕು. ಕಟ್ಟಿದ ಮೇಲೆ, ಓಡಿಸೋಕೆ ಕಾರ್ಯಾಚರಣೆ ಸಮ್ಮತಿ. ಈ ಎರಡೂ 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯಿಂದ ಬರುತ್ತವೆ.

ಇಷ್ಟು ಸಾಲದು. 2016ರ ನಿಯಮಗಳ ಪ್ರಕಾರ ಫಾರ್ಮ್ 1ರಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ಮಂಡಳಿಯವರು ಜಾಗಕ್ಕೆ ಬಂದು, ಯಂತ್ರಗಳಿವೆಯಾ, ನಡೆಸೋಕೆ ಬರುತ್ತಾ ಅಂತ ನೋಡಿ, 120 ದಿನದೊಳಗೆ ಫಾರ್ಮ್ 2ರಲ್ಲಿ ಅಧಿಕಾರ ಪತ್ರ ಕೊಡಬೇಕು. ಅದರ ಆಯಸ್ಸು 5 ವರ್ಷ.

ಬಂದ ಎಣ್ಣೆಗೂ ಟೆಸ್ಟ್ ಇದೆ. ಸೀಸ 100 ಪಿಪಿಎಂ ಮೀರಿರಬಾರದು, ಆರ್ಸೆನಿಕ್ 5 ಪಿಪಿಎಂ ಮೀರಿರಬಾರದು, ಹೀಗೆ. ಪಾಸಾದರೆ ಮಾತ್ರ ಶುದ್ಧೀಕರಣಕ್ಕೆ.

ಎಣ್ಣೆಯಲ್ಲಿ ನೆಂದ ಬಟ್ಟೆ, ಫಿಲ್ಟರ್, ಮಡ್ಡಿ ಇವನ್ನು ಶುದ್ಧ ಮಾಡೋಕಾಗಲ್ಲ. ಅವನ್ನ ಸುಡಬೇಕು, ಇಲ್ಲಾ ಸುರಕ್ಷಿತವಾಗಿ ಹೂಳಬೇಕು. ಅಂಥ ಸಾಮೂಹಿಕ ಘಟಕ ನಮಗೆ ದೂರ ಏನಿಲ್ಲ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿದರೆ ದಾಬಸ್‌ಪೇಟೆ ಸಿಗುತ್ತೆ, ಅಲ್ಲಿದೆ. ಇಂಥ ಘಟಕಕ್ಕೆ ಮೇಲೆ ಹೇಳಿದ ಪತ್ರಗಳ ಜೊತೆಗೆ 2006ರ ಇಐಎ ಅಧಿಸೂಚನೆ ಪ್ರಕಾರ ಪರಿಸರ ಅನುಮತಿಯೂ ಬೇಕು. ಸಾಮಾನ್ಯವಾಗಿ ಅದಕ್ಕೆ ಸುತ್ತಲಿನ ಊರಿನವರ ಮುಂದೆ ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು. ಗುಂಡಿಯ ತಳಕ್ಕೆ ಬಿಗಿಯಾದ ಜೇಡಿಮಣ್ಣು, ಅದರ ಮೇಲೆ ಎಚ್‌ಡಿಪಿಇ ಹಾಳೆ, ಸೋರಿದ ನೀರು ಹಿಡಿಯೋಕೆ ಪೈಪು. ಗುಂಡಿ ತುಂಬಿ ಮುಚ್ಚಿದ ಮೇಲೂ ಅಂತರ್ಜಲ ಪರೀಕ್ಷೆ ಮಾಡ್ತಾ ಇರಬೇಕು.

ಪರ್ಮಿಟ್ ಶುರುವಾಗೋದು ನಮ್ಮಿಂದ

ನಾವು ತಪ್ಪು ತಿಳಿದಿದ್ದು ಇಲ್ಲಿ. ಪರ್ಮಿಟ್ ಅಂದ್ರೆ ಕಾರ್ಖಾನೆಯವರ ತಲೆನೋವು ಅಂದ್ಕೊಂಡಿದ್ವಿ. ಆದರೆ ನಿಯಮದಲ್ಲಿ ಮೊದಲನೇ ಜವಾಬ್ದಾರಿ ತ್ಯಾಜ್ಯ ಹುಟ್ಟಿಸಿದ ಸಂಸ್ಥೆಯದ್ದು. ಅವರಿಗೂ ಅಧಿಕಾರ ಪತ್ರ ಬೇಕು. ಲೇಬಲ್ ಹಾಕಿ ಇಡಬೇಕು, 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು (ವರ್ಷಕ್ಕೆ 10 ಟನ್ ಒಳಗಿನವರಿಗೆ ಮಂಡಳಿ ಇದನ್ನು 180 ದಿನಕ್ಕೆ ವಿಸ್ತರಿಸಬಹುದು). ಪ್ರತಿ ವರ್ಷ ಜೂನ್ 30ರೊಳಗೆ ಲೆಕ್ಕ ಒಪ್ಪಿಸಬೇಕು. ಮಾರಬಹುದು, ಆದರೆ ಅಧಿಕಾರ ಪತ್ರ ಇರುವವರಿಗೆ ಮಾತ್ರ.

ಗಾಡಿ ಹೊರಡುವಾಗ ಫಾರ್ಮ್ 10 ಹೋಗುತ್ತೆ, ಏಳು ಪ್ರತಿ, ಏಳು ಬಣ್ಣ:

ಬಿಳಿ: ಕಳಿಸುವವರಿಂದ ಮಂಡಳಿಗೆ.
ಹಳದಿ: ಸಾಗಿಸುವವರ ಸಹಿ ಹಾಕಿಸಿಕೊಂಡು ಕಳಿಸುವವರೇ ಇಟ್ಟುಕೊಳ್ಳೋದು.
ಗುಲಾಬಿ: ತಲುಪಿದ ಘಟಕಕ್ಕೆ.
ಕಿತ್ತಳೆ: ಸಾಗಿಸಿದವರಿಗೆ.
ಹಸಿರು: ಘಟಕದಿಂದ ಮಂಡಳಿಗೆ.
ನೀಲಿ: ಘಟಕದಿಂದ ವಾಪಸ್ ಕಳಿಸಿದವರಿಗೆ.
ಬೂದು: ಘಟಕ ಬೇರೆ ರಾಜ್ಯದಲ್ಲಿದ್ದರೆ, ಕಳಿಸಿದ ರಾಜ್ಯದ ಮಂಡಳಿಗೆ.

ಇದರಲ್ಲಿ ನಮಗೆ ಇಷ್ಟವಾಗಿದ್ದು ನೀಲಿ. ನೆಟ್‌ವರ್ಕ್ಸ್ ಓದಿದವರಿಗೆ ಬೇಗ ಅರ್ಥ ಆಗುತ್ತೆ, ಅದು ಅಕ್ನಾಲೆಡ್ಜ್‌ಮೆಂಟ್ ಪ್ಯಾಕೆಟ್ ಇದ್ದ ಹಾಗೆ. ನೀಲಿ ವಾಪಸ್ ಬಂದಿಲ್ಲ ಅಂದ್ರೆ ಎಣ್ಣೆ ದಾರಿಯಲ್ಲಿ ಎಲ್ಲೋ ಕಳೆದುಹೋಗಿರಬಹುದು: ಯಾವುದೋ ಗೂಡಿನ ಉರುವಲಾಗಿ, ಕಲಬೆರಕೆ ಲೂಬ್ರಿಕೆಂಟ್ ಆಗಿ, ಅಥವಾ ನಮ್ಮ ಥರದವರ ಕೈಯಲ್ಲಿ ಮೋರಿಗೆ. ನಿಯಮ ಮುರಿದರೆ ಪರಿಸರ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ.

ರಿಜಿಸ್ಟರ್‌ನಲ್ಲಿ ಇಲ್ಲದ ಒಂದು ಲೀಟರ್

ಇಷ್ಟೆಲ್ಲ ಓದಿಕೊಂಡು ಸರ್ ಹತ್ರ ಹೋದ್ವಿ. ಕಾಲೇಜಿಗೂ ಇಂಥ ವ್ಯವಸ್ಥೆ ಬೇಕು ಅಂತ ಹೇಳೋದು ನಮ್ಮ ಪ್ಲಾನ್. ಅವರು ಏನೂ ಹೇಳದೆ ಜನರೇಟರ್ ರೂಮಿಗೆ ಕರ್ಕೊಂಡು ಹೋದ್ರು. ಅಲ್ಲಿ ಲೇಬಲ್ ಹಚ್ಚಿದ ಡ್ರಮ್ ಇತ್ತು. ಪಕ್ಕದ ಮೊಳೆಗೆ ಒಂದು ರಿಜಿಸ್ಟರ್ ನೇತುಹಾಕಿತ್ತು. ತಾರೀಕು, ಎಷ್ಟು ಲೀಟರ್, ಸಹಿ. ಫೈಲಲ್ಲಿ ನೀಲಿ ಪ್ರತಿಗಳು ಸಾಲಾಗಿ ಇದ್ದವು. ಎಲ್ಲ ಮೊದಲಿಂದಲೂ ಇತ್ತು, ವರ್ಕ್‌ಶಾಪ್‌ನಿಂದ ನೂರು ಹೆಜ್ಜೆ ಅಷ್ಟೇ. ನಾವು ಕೇಳಿರಲಿಲ್ಲ.

ನಾವು ಸುರಿದ ದಿನದ ಪುಟ ತಿರುಗಿಸಿ ನೋಡಿದ್ವಿ. ಖಾಲಿ. ನಮ್ಮ ಒಂದು ಲೀಟರ್‌ಗೆ ಯಾವ ಬಣ್ಣದ ಕಾಗದವೂ ಇಲ್ಲ, ಅದನ್ನ ವಾಪಸ್ ತರೋಕೂ ಆಗಲ್ಲ.

ಈಗ ವರ್ಕ್‌ಶಾಪ್ ಬಾಗಿಲಲ್ಲಿ ಒಂದು ಹತ್ತು ಲೀಟರ್ ಕ್ಯಾನ್ ಇಟ್ಟಿದೀವಿ. ತುಂಬಿದಾಗ ಆ ಡ್ರಮ್ಮಿಗೆ ಹೋಗುತ್ತೆ, ರಿಜಿಸ್ಟರ್‌ನಲ್ಲಿ ನಾವೇ ಬರೀತೀವಿ. ಬಾಹಾ ಟೀಮಿನವರೇ, ಪ್ರಾಜೆಕ್ಟ್‌ಗೆ ಎಂಜಿನ್ ಬಿಚ್ಚೋರೇ, ಎಣ್ಣೆ ಅಲ್ಲಿಗೆ ತಂದು ಹಾಕಿ. ಬೈಕ್ ಸರ್ವಿಸ್‌ಗೆ ಬಿಟ್ಟಾಗ ಗ್ಯಾರೇಜ್ ಅಣ್ಣನ್ನ ಒಂದು ಪ್ರಶ್ನೆ ಕೇಳಿ: "ಅಣ್ಣಾ, ಹಳೇ ಎಣ್ಣೆ ಎಲ್ಲಿಗೆ ಹೋಗುತ್ತೆ?"