ಸಾಲುಗಾಳದಿಂದ ಮೀನು ಹಿಡಿಯುವ ನಿಯಮಗಳು
(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಗ್ರಾಮಮುಖಂಡರಿಗೂ ಜಮೀನುದಾರರಿಗೂ)

ಮಳೆಯ ಅಭಾವಕ್ಕೆ ಹೆಸರಾದ ವಿಜಯಪುರ ಜಿಲ್ಲೆಯಲ್ಲಿ ನೀರು ನಿಂತ ಸ್ಥಳವೆಲ್ಲವೂ ಸಂಪತ್ತೇ ಸರಿ. ಉತ್ತರಕ್ಕೆ ಇಂಡಿ, ಸಿಂದಗಿಗಳ ಎಲ್ಲೆಯಲ್ಲಿ ಭೀಮೆಯೂ, ದಕ್ಷಿಣಕ್ಕೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಎಲ್ಲೆಯಲ್ಲಿ ಕೃಷ್ಣೆಯೂ, ನಡುವೆ ಸವುಳು ನೀರಿನ ಡೋಣಿಯೂ ಹರಿಯುತ್ತಿರುವುವು. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವು 519.6 ಮೀಟರ್ ಮಟ್ಟದವರೆಗೆ ತುಂಬಿದಾಗ ಸುಮಾರು 123 ಟಿ.ಎಂ.ಸಿ. ನೀರನ್ನು ಹಿಡಿಯುವುದು. ಅದರ ಕೆಳಗೆ ನಾರಾಯಣಪುರದ ಬಸವಸಾಗರದ ಹಿನ್ನೀರು ಮುದ್ದೇಬಿಹಾಳದ ಕಡೆಗೆ ಚಾಚಿಕೊಂಡಿದೆ. ಮುಳವಾಡ, ಚಿಮ್ಮಲಗಿ ಮೊದಲಾದ ಏತ ನೀರಾವರಿ ಯೋಜನೆಗಳಿಂದ ಒಣಗಿದ್ದ ಅನೇಕ ಕೆರೆಗಳಿಗೆ ಕೃಷ್ಣೆಯ ನೀರು ಬಂದಿತು. ನೀರು ಬಂದಲ್ಲಿ ಮೀನು ಬಂದಿತು. ಮೀನು ಬಂದಲ್ಲಿ ಗಾಳವೂ ಬಂದಿತು.

ಹಿಂದೆ ಗಾಳ ಹಾಕುವವನು ಒಂದು ಕೋಲು, ಒಂದು ಹುರಿ, ಒಂದು ಬೆಂಡು, ಒಂದು ಗಾಳ ಇಷ್ಟರಿಂದಲೇ ತೃಪ್ತನಾಗುತ್ತಿದ್ದನು. ಈಗ ಪೇಟೆಯಲ್ಲಿ ಒಂದೇ ಹುರಿಗೆ ಹಲವು ಗಾಳಗಳನ್ನು ಕಟ್ಟಿದ ಸಿದ್ಧ ಸಾಧನಗಳು ದೊರೆಯುತ್ತಿರುವುವು. ರಜೆಯ ದಿನ ವಿನೋದಕ್ಕಾಗಿ ಬರುವವರು ಇವನ್ನು ಕೆರೆಗೂ ಹಿನ್ನೀರಿಗೂ ತರುವರು. ಇದಕ್ಕೆ ಅಪ್ಪಣೆ ಉಂಟೋ ಇಲ್ಲವೋ ಎಂಬ ಪ್ರಶ್ನೆಯು ಕಟ್ಟಕಡೆಗೆ ಊರ ಹಿರಿಯರ ಮುಂದೆಯೇ ಬರುವುದರಿಂದ, ಈ ವಿಷಯವನ್ನು ಅವರು ಚೆನ್ನಾಗಿ ತಿಳಿದಿರುವುದು ಅವಶ್ಯಕವು.

ಸಾಲುಗಾಳದ ಸ್ವರೂಪ

ಸಾಲುಗಾಳಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಕೈಯಲ್ಲಿ ಹಿಡಿದು ಕುಣಿಸುವ ಗಾಳ. ಒಂದು ಮುಖ್ಯ ಹುರಿಗೆ ಗೇಣು ಗೇಣಿಗೊಂದರಂತೆ ಚಿಕ್ಕ ಕವಲುಹುರಿಗಳನ್ನು ಕಟ್ಟಿ, ಪ್ರತಿಯೊಂದರ ತುದಿಗೂ ಸಣ್ಣ ಗಾಳವನ್ನಿಟ್ಟು, ಅದಕ್ಕೆ ಹೊಳೆಯುವ ಎಳೆಯನ್ನಾಗಲಿ ಗರಿಯ ತುಣುಕನ್ನಾಗಲಿ ಸುತ್ತಿರುವರು. ಹುರಿಯ ಕೆಳತುದಿಗೆ ಸೀಸದ ಗುಂಡು. ಇದನ್ನು ನೀರಿಗಿಳಿಸಿ ಮೇಲೆ ಕೆಳಗೆ ಕುಣಿಸಿದರೆ, ಗಾಳಗಳು ಮರಿಹುಳುಗಳ ಹಿಂಡಿನಂತೆ ತೋರಿ, ಗುಂಪಾಗಿ ತಿರುಗುವ ಸಣ್ಣ ಮೀನುಗಳು ಒಮ್ಮೆಗೇ ನಾಲ್ಕೈದು ಸಿಕ್ಕಿಬೀಳುವುವು. ಇದು ಸಮುದ್ರದ ಬೆಸ್ತರಿಗೆ ಬಳಕೆಯಾದ ಸಾಧನ. ಜಪಾನ್ ದೇಶದಲ್ಲಿ ಇದಕ್ಕೆ ಸಬಿಕಿ ಎಂದು ಹೆಸರು. ಹೀಗೆ ಹಿಡಿದ ಸಣ್ಣ ಮೀನು ಬಹುಶಃ ಊಟಕ್ಕಲ್ಲ, ದೊಡ್ಡ ಮೀನಿಗೆ ಎರೆಯಾಗಿ ಬಳಸುವುದಕ್ಕೆ. ನಮ್ಮ ಕಡೆಯ ನೀರುಗಳಲ್ಲಿ ಗರಿಯ ಬದಲು ಜೋಳದ ಹಿಟ್ಟಿನ ಉಂಡೆಯನ್ನೋ ಎರೆಹುಳುವನ್ನೋ ಚುಚ್ಚಿ, ಸಿಕ್ಕ ಮರಿಗಳನ್ನು ಕೊರವ, ಬಾಳೆಮೀನುಗಳಿಗೆ ಎರೆಯಾಗಿ ಒಡ್ಡುವರು.

ಎರಡನೆಯದು ಕಟ್ಟಿಬಿಡುವ ಸಾಲುಗಾಳ. ಉದ್ದನೆಯ ಹಗ್ಗದ ಎರಡೂ ತುದಿಗಳನ್ನು ಗೂಟಕ್ಕೋ ಕಲ್ಲಿಗೋ ಬಿಗಿದು, ಹತ್ತಾರು ಗಾಳಗಳನ್ನು ಇಳಿಬಿಟ್ಟು, ಸಂಜೆಗೆ ಹಾಕಿ ಬೆಳಿಗ್ಗೆ ಬಂದು ಎತ್ತುವರು. ನೋಡುವವರಿಗೆ ಎರಡೂ ಸಾಲುಗಾಳಗಳೇ. ಆದರೆ ನಿಯಮದ ದೃಷ್ಟಿಯಲ್ಲಿ ಇವೆರಡಕ್ಕೆ ಬಹಳ ಅಂತರವಿರುವುದು.

ಕಾಯಿದೆಯ ದೃಷ್ಟಿ

ಈ ಪ್ರದೇಶವು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ, 1897ನೆಯ ಇಸವಿಯಲ್ಲಿ, ಭಾರತೀಯ ಮೀನುಗಾರಿಕೆಯ ಕಾಯಿದೆಯು ಹೊರಟಿತು. ಸಿಡಿಮದ್ದಿನಿಂದ ಮೀನು ಕೊಲ್ಲುವುದನ್ನೂ, ನೀರಿಗೆ ವಿಷ ಬೆರೆಸುವುದನ್ನೂ ಅದು ಅಪರಾಧವೆಂದು ಸಾರಿ, ಎರಡು ತಿಂಗಳವರೆಗಿನ ಸೆರೆಯನ್ನು ಅಥವಾ 200 ರೂಪಾಯಿಗಳವರೆಗಿನ ದಂಡವನ್ನು ವಿಧಿಸಿತು. ಗೊತ್ತುಪಡಿಸಿದ ನೀರುಗಳಲ್ಲಿ ಬಲೆಯ ಅಳತೆ, ಬಲೆಯ ಬಗೆ, ಅದನ್ನು ಬಳಸುವ ರೀತಿ ಇವುಗಳನ್ನು ಸರಕಾರವು ನಿಯಮಿಸಬಹುದೆಂದೂ, ಅಲ್ಲಿ ಎರಡು ವರ್ಷಗಳನ್ನು ಮೀರದ ಅವಧಿಗೆ ಮೀನು ಹಿಡಿಯುವುದನ್ನೇ ನಿಲ್ಲಿಸಬಹುದೆಂದೂ ಅದರಲ್ಲಿ ಹೇಳಿದೆ.

ಆ ಕಾಯಿದೆಯಲ್ಲಿನ ಒಂದು ವ್ಯಾಖ್ಯೆಯು ಸಾಲುಗಾಳದ ವಿಚಾರಕ್ಕೆ ಬಹಳ ಉಪಯುಕ್ತವಾದುದು. ಬಲೆ, ಪಂಜರ, ಬೋನು ಅಥವಾ ಮೀನು ಹಿಡಿಯುವ ಬೇರೆ ಯಾವುದೇ ಸಾಧನವನ್ನು ನೆಲದಲ್ಲಿ ನೆಟ್ಟರೆ ಅಥವಾ ಅನ್ಯ ರೀತಿಯಿಂದ ಚಲಿಸದಂತೆ ಮಾಡಿದರೆ, ಅದು ‘ಸ್ಥಿರ ಸಾಧನ’ವೆನಿಸುವುದು, ಅಂಥದನ್ನು ನಿಷೇಧಿಸಲು ಇಲ್ಲವೆ ನಿಯಂತ್ರಿಸಲು ಸರಕಾರಕ್ಕೆ ಅಧಿಕಾರವುಂಟು. ಕೈಯಲ್ಲಿ ಕೋಲು ಹಿಡಿದು ದಡದಲ್ಲಿ ಕುಳಿತವನ ಗಾಳವು ಸ್ಥಿರ ಸಾಧನವಲ್ಲ. ಅದೇ ಹುರಿಯನ್ನು ಗೂಟಕ್ಕೆ ಬಿಗಿದು ಮನೆಗೆ ಹೋದರೆ ಅದರ ಸ್ವರೂಪವೇ ಬದಲಾಗುವುದು. ಆದ್ದರಿಂದ ಗಾಳಗಳೆಷ್ಟು ಎಂದು ಎಣಿಸುವುದಕ್ಕೆ ಮೊದಲು, ಹುರಿಯ ಬಳಿ ಮನುಷ್ಯನಿರುವನೋ ಇಲ್ಲವೋ ಎಂಬುದನ್ನು ನೋಡತಕ್ಕದ್ದು.

ಅನಂತರ ರಾಜ್ಯದಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮವು ಬಂದಿತು. ನದಿ ಜಲಾಶಯಗಳಲ್ಲಿ ಮೀನು ಹಿಡಿಯುವುದಕ್ಕೆ ಇಲಾಖೆಯ ಪರವಾನಗಿ ಬೇಕು. ಕೆರೆಗಳಲ್ಲಿಯಾದರೋ ಕೆಲವದರ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಕೆಲವದರದು ಗ್ರಾಮ ಪಂಚಾಯಿತಿಯದು. ಆ ಹಕ್ಕನ್ನು ಗುತ್ತಿಗೆ ಹಿಡಿದ ಸಹಕಾರಿ ಸಂಘವಾಗಲಿ ವ್ಯಕ್ತಿಯಾಗಲಿ ಇದ್ದರೆ, ಗುತ್ತಿಗೆಯ ಅವಧಿಯವರೆಗೆ ಅಲ್ಲಿಯ ಮೀನು ಅವರದು. ಕೆರೆಯ ನೀರು ಊರಿಗೆಲ್ಲ ಸೇರಿದುದು, ಆದುದರಿಂದ ಮೀನೂ ಎಲ್ಲರದು ಎಂಬ ವಾದವು ನಿಲ್ಲತಕ್ಕದ್ದಲ್ಲ.

ಗಾಳದ ಸಂಖ್ಯೆಗೆ ಮಿತಿ ಏಕೆ

ಬೇರೆ ದೇಶಗಳಲ್ಲಿ ಈ ವಿಷಯಕ್ಕೆ ಸ್ಪಷ್ಟ ಅಂಕೆಗಳನ್ನೇ ಇಟ್ಟಿರುವರು. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ಒಳನಾಡು ನೀರುಗಳಲ್ಲಿ ಸಾಮಾನ್ಯವಾಗಿ ಒಂದು ಹುರಿಗೆ 3ಕ್ಕಿಂತ ಹೆಚ್ಚು ಗಾಳಗಳಿರಕೂಡದು, ಹುರಿಯ ಬಳಿ ಹಿಡಿಯುವವನು ಇರಲೇಬೇಕು. ಟೆಕ್ಸಾಸ್ ಸಂಸ್ಥಾನದಲ್ಲಿ ಎರಡೂ ತುದಿ ಕಟ್ಟಿದ ಹಗ್ಗಕ್ಕೆ 50 ಗಾಳಗಳ ಮಿತಿಯುಂಟು. ಆ ಅಂಕೆಗಳು ಇಲ್ಲಿಗೆ ಅನ್ವಯಿಸವು. ಆದರೆ ಅವುಗಳ ಹಿಂದಿನ ವಿಚಾರವು ಎಲ್ಲ ನೀರಿಗೂ ಒಂದೇ: ಕೈಗಾಳಕ್ಕೆ ಸ್ವಲ್ಪ, ಕಟ್ಟುಗಾಳಕ್ಕೆ ಬೇರೆ ಕಟ್ಟಳೆ. ಇಲ್ಲಿಯ ನೀರುಗಳ ಮಟ್ಟಿಗೆ ಅನುಮತಿಯ ಮೇರೆಯನ್ನು ಪರವಾನಗಿ ಅಥವಾ ಗುತ್ತಿಗೆಯ ಪತ್ರದ ಷರತ್ತುಗಳಲ್ಲಿಯೇ ಓದಿಕೊಳ್ಳತಕ್ಕದ್ದು. ಪತ್ರದಲ್ಲಿ ಗಾಳದ ಸಂಖ್ಯೆಯ ಮಾತೇ ಇಲ್ಲದಿದ್ದರೆ, ಬೇಕಾದಷ್ಟು ಕಟ್ಟಬಹುದೆಂದು ಅರ್ಥವಲ್ಲ. ತಾಲೂಕಿನ ಮೀನುಗಾರಿಕೆ ಅಧಿಕಾರಿಯನ್ನು ಕೇಳಿ ಬರೆಯಿಸಿಕೊಳ್ಳುವುದು ಲೇಸು.

ಈ ಮಿತಿಯ ಕಾರಣವು ಕೆರೆಯ ಲೆಕ್ಕದಿಂದ ತಿಳಿಯುವುದು. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಜಾತಿಯ ಮೀನುಗಳು ಮುಂಗಾರಿನ ಪ್ರವಾಹದಲ್ಲಿ ಮೊಟ್ಟೆಯಿಡತಕ್ಕವು. ನಿಂತ ಕೆರೆಯ ನೀರಿನಲ್ಲಿ ಅವು ಸಾಮಾನ್ಯವಾಗಿ ಮರಿ ಮಾಡವು. 1957ರ ಜುಲೈ 10ರಂದು ಹೀರಾಲಾಲ ಚೌಧರಿ ಮತ್ತು ಕೆ. ಎಚ್. ಅಲಿಕುಂಞಿ ಎಂಬ ವಿಜ್ಞಾನಿಗಳು ಒರಿಸ್ಸಾದ ಅಂಗುಲದಲ್ಲಿ ಚುಚ್ಚುಮದ್ದಿನಿಂದ ಈ ಮೀನುಗಳು ಮೊಟ್ಟೆಯಿಡುವಂತೆ ಮಾಡಿದ ಮೇಲೆಯೇ ಮೀನಿನ ಬೀಜವು ಬೇಕಾದಷ್ಟು ದೊರೆಯುವಂತಾಯಿತು. ಇಂದು ಕೆರೆಗೆ ಬಿಡುವ ಪ್ರತಿಯೊಂದು ಮರಿಯೂ ಹಣ ಕೊಟ್ಟು ತಂದ ಬೀಜ. ರೈತನಿಗೆ ಬಿತ್ತನೆಯ ಜೋಳವೆಷ್ಟೋ, ಕೆರೆಯ ಗುತ್ತಿಗೆದಾರನಿಗೆ ಬೆರಳುದ್ದದ ಮರಿಯೂ ಅಷ್ಟೇ.

ಒಂದು ಊರಿನ ಕೆರೆಗೆ 5,000 ಮರಿಗಳನ್ನು ಬಿಟ್ಟರೆಂದು ಭಾವಿಸೋಣ. ಎಂಟು ಜನರು ಆರಾರು ಗಾಳಗಳ ಹುರಿ ಹಿಡಿದು ಒಂದು ಭಾನುವಾರ ಕುಳಿತರೆ ನೀರಿನಲ್ಲಿ 48 ಗಾಳಗಳಾದುವು. ಎರೆಗೆಂದು ಒಬ್ಬೊಬ್ಬನು 60 ಮರಿಗಳನ್ನು ಎತ್ತಿದರೆ 480 ಮರಿಗಳು ಹೋದುವು. ಬಿತ್ತಿದ್ದರಲ್ಲಿ ಹತ್ತನೆಯ ಒಂದು ಪಾಲು ಸಮೀಪ. ಒಳ್ಳೆಯ ಕೆರೆಯಲ್ಲಿ ಕಾಟ್ಲಾ ಮರಿಯು ಒಂದು ವರ್ಷದಲ್ಲಿ ಸುಮಾರು ಒಂದು ಕಿಲೋ ತೂಗುವುದು. ಆ 480ರಲ್ಲಿ ಅರ್ಧದಷ್ಟೇ ಉಳಿದು ಬೆಳೆಯುತ್ತಿದ್ದರೂ 240 ಕಿಲೋ ಮೀನು ಒಂದು ದಿನದ ವಿನೋದಕ್ಕೆ ಬಲಿಯಾದಂತಾಯಿತು. ಹಿಡಿದವನ ದುರುದ್ದೇಶ ಇದರಲ್ಲೇನೂ ಇಲ್ಲ. ಬೆರಳುದ್ದದ ರೋಹುವಿಗೂ ಎಂದಿಗೂ ಬೆಳೆಯದ ಕಾಡುಮೀನಿಗೂ ಭೇದ ತಿಳಿಯದಿರುವುದೇ ಕಾರಣ. ಒಂಟಿಗಾಳದವನು ಒಂದು ಮರಿಯನ್ನು ಕಂಡು ಬಿಡಬಲ್ಲನು; ಐದು ಮರಿಗಳು ಒಮ್ಮೆಗೇ ತೂಗಾಡುವ ಹುರಿಯನ್ನು ಬಿಡಿಸುವಷ್ಟರಲ್ಲಿ ಅವುಗಳ ಪ್ರಾಣವೇ ಹೋಗಿರುವುದು.

ನದಿಯ ಹಾನಿ ಬೇರೆ ತರಹದ್ದು. ಮುಂಗಾರಿನಲ್ಲಿ ಮೊಟ್ಟೆ ತುಂಬಿದ ತಾಯಿಮೀನು ಪ್ರವಾಹಕ್ಕೆದುರಾಗಿ ಏರಿ ಬರುವುದು. ಅಂಥ ಒಂದು ಮೀನಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕಿ ಮೊಟ್ಟೆಗಳಿರುವುವು. ಬ್ಯಾರೇಜಿನ ಕೆಳಗೆ, ಹಳ್ಳದ ಬಾಯಲ್ಲಿ, ಮೀನು ತಡೆದು ನಿಲ್ಲುವ ಸ್ಥಳದಲ್ಲಿ ಬರಿಯ ಗಾಳಗಳ ಸಾಲನ್ನು ಎಸೆದು ಎಳೆದರೆ, ಮೀನು ಎರೆಯನ್ನು ನುಂಗದೆ ಮೈಗೆ ಗಾಳ ನೆಟ್ಟು ಸಿಕ್ಕುವುದು. ತಪ್ಪಿಸಿಕೊಂಡುದೂ ಗಾಯದಿಂದ ಸಾಯುವುದು. ಇದು ಗಾಳದ ವಿದ್ಯೆಯೂ ಅಲ್ಲ, ನ್ಯಾಯವಾದ ಬೇಟೆಯೂ ಅಲ್ಲ.

ದನಕರುಗಳಿಗೂ ಜಮೀನಿಗೂ ಬರುವ ಅಪಾಯ

ಜಮೀನುದಾರರು ಇದನ್ನು ಬೆಸ್ತರ ಗೊಡವೆಯೆಂದು ತಳ್ಳಿಹಾಕಲಾಗದು. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಬಯಲಾದ ಎರೆಮಣ್ಣಿನಲ್ಲಿ ದನ ಮೇಯುವುವು, ಕೆಲವರು ಬಿತ್ತುವುದೂ ಉಂಟು. ತುಂಡಾಗಿ ಉಳಿದ ಸಾಲುಗಾಳವು ಅಲ್ಲಿ ಎಮ್ಮೆಯ ಕಾಲಿಗೆ, ಕುರಿಯ ತುಟಿಗೆ, ಈಜುವ ಹುಡುಗರ ಅಂಗಾಲಿಗೆ ನೆಡುವುದು. ನೈಲಾನ್ ಹುರಿ ಕೊಳೆಯತಕ್ಕ ವಸ್ತುವಲ್ಲ. ರಾತ್ರಿ ಕಟ್ಟಿಬಿಟ್ಟ ಗಾಳಕ್ಕೆ ಆಮೆಗಳೂ ನೀರುಕಾಗೆಗಳೂ ಸಿಕ್ಕುವುವು. ಕೃಷ್ಣೆ ಭೀಮೆಗಳಲ್ಲಿರುವ ಮೆದುಚಿಪ್ಪಿನ ಆಮೆಗಳು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಗೆ ಒಳಪಟ್ಟಿರುವುದರಿಂದ, ಅಂಥದು ಸಿಕ್ಕಿದರೆ ಜೀವಂತವಾಗಿ ಬಿಟ್ಟುಬಿಡಲೇಬೇಕು.

ಎರೆಮೀನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಿಸುವುದೂ ಕೇಡಿಗೆ ಮೂಲ. 1952ರಲ್ಲಿ ಭಾರತಕ್ಕೆ ತಂದ ಜಿಲೇಬಿ ಮೀನು ನಿಂತ ನೀರಿನಲ್ಲಿಯೇ ಮೇಲಿಂದ ಮೇಲೆ ಮರಿ ಮಾಡಿ, ಗೆಂಡೆಗಳ ಮೇವನ್ನು ಕಬಳಿಸುವುದು. ಭೀಮೆಯಲ್ಲಿ ಹಿಡಿದ ಜೀವಂತ ಮರಿಗಳಲ್ಲಿ ಉಳಿದುದನ್ನು ಊರ ಕೆರೆಗಾಗಲಿ ಹೊಲದ ಕೃಷಿಹೊಂಡಕ್ಕಾಗಲಿ ಸುರಿದರೆ, ಹೊಲದಲ್ಲಿ ತಾನೇ ಕಸದ ಬೀಜ ಬಿತ್ತಿದಂತೆ.

ಗ್ರಾಮದ ಪ್ರಮುಖರು ಲಕ್ಷ್ಯದಲ್ಲಿಡತಕ್ಕ ಸೂಚನೆಗಳು

1. ಊರ ಸೀಮೆಯಲ್ಲಿರುವ ಪ್ರತಿಯೊಂದು ಕೆರೆಯ ಮೀನಿನ ಹಕ್ಕು ಯಾರದು, ಗುತ್ತಿಗೆ ಯಾರಿಗೆ, ಎಂದಿನವರೆಗೆ ಎಂಬುದನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಯಿಸತಕ್ಕದ್ದು.

2. ಹೊರಗಿನಿಂದ ಗಾಳ ಹಾಕಲು ಬಂದವರಿಗೆ ಮೊದಲು ಪರವಾನಗಿಯನ್ನು ಅಥವಾ ಗುತ್ತಿಗೆದಾರನ ಒಪ್ಪಿಗೆಯನ್ನು ತೋರಿಸುವಂತೆ ವಿನಯದಿಂದ ಕೇಳತಕ್ಕದ್ದು. ತಕರಾರು ಬಂದರೆ ತಾವೇ ಸಾಧನಗಳನ್ನು ಕಸಿದುಕೊಳ್ಳದೆ ಇಲಾಖೆಗೆ ತಿಳಿಸುವುದು ಯೋಗ್ಯವು.

3. ಮರಿ ಬಿಟ್ಟ ಕೆರೆಯಲ್ಲಿ ಸಣ್ಣ ಗಾಳಗಳ ಸಾಲನ್ನು ಹಾಕಗೊಡದಿರುವ ಷರತ್ತನ್ನು ಗುತ್ತಿಗೆಯ ಪತ್ರದಲ್ಲಿಯೇ ಸೇರಿಸುವಂತೆ ಯತ್ನಿಸತಕ್ಕದ್ದು. ದೊಡ್ಡ ಗಾಳಕ್ಕೆ ಮರಿಮೀನು ಬಾಯಿ ಹಾಕಲಾರದು. ಆದ್ದರಿಂದ ಒಂಟಿಯಾದ ದೊಡ್ಡ ಗಾಳಕ್ಕೆ ಆಕ್ಷೇಪಣೆ ಕಡಿಮೆ.

4. ಕಾಯುವವರಿಲ್ಲದ ಕಟ್ಟುಗಾಳವನ್ನು ದನ ನೀರು ಕುಡಿಯುವ ಘಟ್ಟದಲ್ಲಿಯೂ, ಬಟ್ಟೆ ಒಗೆಯುವ ಕಡೆಯಲ್ಲಿಯೂ ಎಂದಿಗೂ ಇಡಗೊಡಕೂಡದು.

5. ಮಳೆಗಾಲದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿ ಇಲಾಖೆಯು ಹೊರಡಿಸುವ ಪ್ರಕಟಣೆಯನ್ನು ಡಂಗುರದಿಂದ ಊರಿಗೆಲ್ಲ ತಿಳಿಸತಕ್ಕದ್ದು. ಆ ಅವಧಿಯಲ್ಲಿ ವಿನೋದದ ಗಾಳಕ್ಕೂ ವಿನಾಯಿತಿಯನ್ನು ಊಹಿಸಿಕೊಳ್ಳಕೂಡದು.

6. ಸಿಡಿಮದ್ದು, ವಿಷ, ಪಂಪಿನ ವಿದ್ಯುತ್ ತಂತಿ ಇವುಗಳಿಂದ ಮೀನು ಹಿಡಿಯುವವರನ್ನು ಕಂಡರೆ ತಡಮಾಡದೆ ಪೋಲೀಸರಿಗೂ ಇಲಾಖೆಗೂ ವರದಿ ಮಾಡತಕ್ಕದ್ದು. ಇದರಲ್ಲಿ ಮನುಷ್ಯರ ಪ್ರಾಣದ ಪ್ರಶ್ನೆಯೂ ಇದೆ.

7. ಸ್ವಂತ ಕೃಷಿಹೊಂಡದಲ್ಲಿ ಮೀನು ಸಾಕುವ ಜಮೀನುದಾರರು ನೆಂಟರಿಷ್ಟರಿಗೆ ಗಾಳದ ಅಪ್ಪಣೆ ಕೊಡುವಾಗ, ಒಬ್ಬರಿಗೆ ಒಂದೇ ಗಾಳ, ಅಳತೆಗೆ ಬಾರದ ಮೀನನ್ನು ಒದ್ದೆ ಕೈಯಿಂದ ಬಿಡಿಸಿ ನೀರಿಗೆ ಬಿಡುವುದು ಎಂಬ ಎರಡು ಕಟ್ಟಳೆಗಳನ್ನಿಟ್ಟುಕೊಳ್ಳುವುದು ಲಾಭದಾಯಕವು.

ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ಹಳೆಯ ತಾಲೂಕುಗಳಿಂದ ಬೇರ್ಪಟ್ಟು ಹೊಸ ತಾಲೂಕುಗಳಾಗಿವೆ. ಆದರೂ ನದಿಯೂ ಮೀನೂ ಈ ಎಲ್ಲೆಗಳನ್ನು ಅರಿಯವು. ಒಂದು ಊರು ಕಟ್ಟಳೆಯನ್ನು ಪಾಲಿಸಿ ಪಕ್ಕದ ಊರು ಬಿಟ್ಟರೆ ಫಲವು ಅರ್ಧಕ್ಕೆ ನಿಲ್ಲುವುದು. ಗೌಡಿಕೆಯ ಹಳೆಯ ಅಧಿಕಾರವು ಈಗ ಇಲ್ಲದಿದ್ದರೂ, ನೀರಿನ ನ್ಯಾಯದಲ್ಲಿ ಊರ ಹಿರಿಯರ ಮಾತಿಗೆ ಬೆಲೆಯಿರುವುದು. ಗಾಳ ಹಾಕುವವನ ವಿನೋದವನ್ನು ಕಸಿದುಕೊಳ್ಳುವುದು ಈ ನಿಯಮಗಳ ಉದ್ದೇಶವಲ್ಲ. ಒಂದು ಗಾಳ ಹಿಡಿದು ತಾಳ್ಮೆಯಿಂದ ಕುಳಿತವನಿಗೂ, ಬಲೆಯನ್ನೇ ನಂಬಿ ಬದುಕುವ ಅಂಬಿಗರ ಮನೆಗೂ, ಮರಿಗೆ ಹಣ ಸುರಿದ ಪಂಚಾಯಿತಿಗೂ ಮುಂದಿನ ವರ್ಷವೂ ಮೀನು ಉಳಿದಿರಬೇಕೆಂಬುದೇ ಇವುಗಳ ಸಾರವು.